ಕಬ್ಬಿನ ಕಟ್ಟಿನೊಳಗಿನ ಗವಸು

ನಾನು ಒಂದು ಗವಸು. ಬಂದೂಕು ಹಾಕಿಡುವ ಉದ್ದನೆಯ ಚೀಲ. ಬಂದೂಕಿನ ಕಥೆಯಾದರೆ ಜನ ಕಿವಿಗೊಟ್ಟಾರು, ಗವಸಿನ ಕಥೆ ಯಾರಿಗೆ ಬೇಕು ಎಂಬ ಅನುಮಾನ ನನಗೂ ಇದೆ. ಆದರೆ ಆ ದಿನ ಏನಾಯಿತು, ಏನಾಗಬಹುದಿತ್ತು ಎಂಬುದನ್ನು ಒಳಗಿನಿಂದ ಬಲ್ಲದ್ದು ನಾನೊಂದೇ. ಹಾಗಾಗಿ ಹೇಳುತ್ತೇನೆ. ಹೆಚ್ಚಿಗೆ ಸೇರಿಸುವುದಿಲ್ಲ.

ಹುಟ್ಟುವ ಮೊದಲು ನಾನು ಒಂದು ನಾಟಕ ಕಂಪನಿಯ ಡೇರೆಯ ಅಂಚಾಗಿದ್ದೆ. ಕಂಪನಿ ಮುಚ್ಚಿದಾಗ ಡೇರೆಯನ್ನು ಹರಿದು ತುಂಡು ತುಂಡಾಗಿ ಮಾರಿದರು. ಬಾಗಲಕೋಟೆಯ ಬಸ್ ನಿಲ್ದಾಣದ ಹಿಂದೆ ಹೊಲಿಗೆಯಂತ್ರ ಇಟ್ಟುಕೊಂಡಿದ್ದ ಹುಸೇನಸಾಬ ಒಂದು ತುಂಡು ತಂದ. ಎರಡು ಪದರ ಮಡಚಿ, ದಪ್ಪ ಸೂಜಿ ಹಾಕಿ, ಬಾಯಿಗೆ ಚರ್ಮದ ಪಟ್ಟಿ, ಹೊಟ್ಟೆಯ ಮೇಲೊಂದು ಕಿಸೆ ಇಟ್ಟು ನನ್ನನ್ನು ಹೊಲಿದ. ಮಳೆಯ ನೀರು ಇಳಿಯದಿರಲೆಂದು ಮೈತುಂಬ ಮೇಣ ತಿಕ್ಕಿದ. ಆ ಮೇಣದಿಂದಲೋ ಏನೋ, ಬಿಸಿಲು, ಚಳಿ, ಜನರ ಮಾತು ಎಲ್ಲವೂ ನನಗೆ ತಡವಾಗಿ ತಟ್ಟುತ್ತವೆ. ನನಗೆ ಕಣ್ಣಿಲ್ಲ. ಹೊಲಿಗೆಯ ತೂತುಗಳಿಂದ ಎಷ್ಟು ಕಾಣುತ್ತದೋ ಅಷ್ಟೇ. ಆದರೆ ತೂಕ ಮಾತ್ರ ತಕ್ಷಣ ತಿಳಿಯುತ್ತದೆ. ಚೀಲಕ್ಕೆ ಅದು ಹುಟ್ಟುಗುಣ.

ನನ್ನನ್ನು ಹೊಲಿಸಿದವನು ಭರಮಪ್ಪ. ಫೌಜಿನಲ್ಲಿ ದುಡಿದು ಊರಿಗೆ ಬಂದಿದ್ದ. ಲೈಸೆನ್ಸು ಮಾಡಿಸಿ, ಒಂದು ಹಳೆಯ ಜೋಡುನಳಿಗೆ ಬಂದೂಕು ಕೊಂಡು, ಬಾಗಲಕೋಟೆಯ ಒಂದು ಪತ್ತಿನ ಸಂಘದಲ್ಲಿ ಕಾವಲಿಗೆ ನಿಂತಿದ್ದ. ಅಂಥ ಕೆಲಸಕ್ಕೆ ಆಳಿಗಿಂತ ಬಂದೂಕೇ ಮುಖ್ಯ. ಬಂದೂಕಿದ್ದವನಿಗೆ ಕೆಲಸ, ಇಲ್ಲದವನಿಗೆ ಇಲ್ಲ. ಭರಮಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿ ತಂಗೆವ್ವ ನನ್ನನ್ನು ಗೂಟಕ್ಕೆ ತೂಗುಹಾಕುವಾಗಲೆಲ್ಲ ನಗುತ್ತಿದ್ದಳು.

"ನನ್ನ ಸವತಿ ಬಂದ್ಲು ನೋಡ್ರಿ. ನನಗೊಂದು ಸೀರಿ ತರಲಿಲ್ಲ, ಆಕಿಗೆ ಅಂಗಿ ಹೊಲಿಸ್ಯಾರ."

"ಆಕಿ ದುಡದು ಹಾಕ್ತಾಳ. ನೀ ಬೈತಿ," ಎನ್ನುತ್ತಿದ್ದ ಭರಮಪ್ಪ.

ಅವನ ದಿನಚರಿ ಬದಲಾಗುತ್ತಿರಲಿಲ್ಲ. ಬೆಳಿಗ್ಗೆ ಸಂಘದ ಬಾಗಿಲು ತೆರೆದ ಮೇಲೆ ನನ್ನ ಕಿಸೆಯಿಂದ ಎರಡು ಕಾಡತೂಸು ತೆಗೆದು ನಳಿಗೆಗಳಿಗೆ ತುಂಬುವುದು. ಸಂಜೆ ಬಾಗಿಲು ಹಾಕಿದ ಮೇಲೆ ಬಂದೂಕನ್ನು ಮುರಿದು, ಅಂದರೆ ನಡುವಿನ ಕೀಲಿನಲ್ಲಿ ಬಗ್ಗಿಸಿ ತೆರೆದು, ಎರಡನ್ನೂ ತೆಗೆದು ಮತ್ತೆ ನನ್ನ ಕಿಸೆಗೆ ಹಾಕುವುದು, ಆಮೇಲೆ ಬಂದೂಕನ್ನು ನನ್ನೊಳಗೆ ಇಳಿಸುವುದು. ಖಾಲಿ ಬಂದೂಕಿನ ತೂಕ ನನಗೆ ಬಾಯಿಪಾಠವಾಗಿತ್ತು. ಅದರ ಬಾಯಿ ನನ್ನ ತಳದಲ್ಲಿ, ಹಿಡಿ ನನ್ನ ಬಾಯಿಯಲ್ಲಿ. ಹಾಗೆ ಎಷ್ಟೋ ವರ್ಷ ಕಳೆದವು. ಆ ಬಂದೂಕು ಹಾರಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಭರಮಪ್ಪನಿಗೆ ಒಂದೇ ಕಿರಿಕಿರಿ ಇತ್ತು. ಅವನ ಊರು ಗುಳೇದಗುಡ್ಡದ ಆಚೆ. ದಿನಾ ಟಂಟಂನಲ್ಲಿ, ಜನ ತುಂಬಿಕೊಂಡು ಓಡುವ ಮೂರು ಗಾಲಿಯ ಗಾಡಿಯಲ್ಲಿ, ಹೋಗಿ ಬರಬೇಕು. ನನ್ನ ಆಕಾರ ನೋಡಿದರೆ ಒಳಗೇನಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಹೆಂಗಸರು ಸರಿದು ಕೂರುತ್ತಿದ್ದರು. ಕೆಲವರು ಇಳಿದು ಬೇರೆ ಗಾಡಿಗೆ ಕಾಯುತ್ತಿದ್ದರು. ಗಾಡಿಯವನು, "ಸಾಹುಕಾರ, ನಿಮ್ಮನ್ನ ಹತ್ತಿಸಿಕೊಂಡ್ರ ನನ್ನ ಧಂದೆ ಮುಳಗತೈತಿ," ಎಂದು ಗೊಣಗುತ್ತಿದ್ದ. ಭರಮಪ್ಪ ನನ್ನನ್ನು ಎರಡು ಮೊಣಕಾಲಿನ ನಡುವೆ ಹಿಡಿದುಕೊಂಡು ಹೊರಗೆ ನೋಡುತ್ತಿದ್ದ.

ಖಂಡೇನವಮಿಯ ಮುನ್ನಾದಿನ ಅದು. ನಮ್ಮ ಕಡೆ ನವಮಿಯಂದು ಎಲ್ಲರೂ ತಮ್ಮ ತಮ್ಮ ಆಯುಧಕ್ಕೆ ಪೂಜೆ ಮಾಡುತ್ತಾರೆ. ಒಕ್ಕಲಿಗ ನೇಗಿಲಿಗೆ, ನೇಕಾರ ಮಗ್ಗಕ್ಕೆ, ಗಾಡಿಯವನು ಗಾಡಿಗೆ. ಮರುದಿನ ರಜೆಯಾದ್ದರಿಂದ ಸಂಘದಲ್ಲಿ ಒಂದು ದಿನ ಮೊದಲೇ ಪೂಜೆ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ತಿಜೋರಿಯ ಕೀಲಿ, ನೋಟು ಎಣಿಸುವ ಯಂತ್ರ, ಪೆನ್ನು ಇಟ್ಟಿದ್ದರು. ನಡುವೆ ಭರಮಪ್ಪನ ಬಂದೂಕು ಮಲಗಬೇಕಾಗಿತ್ತು.

ಭರಮಪ್ಪ ಮೂಲೆಗೆ ಬಂದು ಬಂದೂಕು ಮುರಿದ. ಒಂದು ಕಾಡತೂಸು ತೆಗೆದು ನನ್ನ ಕಿಸೆಗೆ ಹಾಕಿದ. ಅಷ್ಟರಲ್ಲಿ ಮ್ಯಾನೇಜರು ಕೂಗಿದರು.

"ಭರಮಪ್ಪಾ, ಪೂಜಿ ಮಾಡೋ ಐನೋರು ಮುಂದಿನ ಅಂಗಡಿಗೆ ಹೋಗಬೇಕಂತ. ಬಡ ಬಡ ಬಾರಪಾ!"

"ಬಂದೆ ಸಾಹೇಬ್ರ."

ಅವನು ಬಂದೂಕನ್ನು ಮುಚ್ಚಿ ಓಡಿದ. ಇನ್ನೊಂದು ಕಾಡತೂಸು ಬಲಗಡೆಯ ನಳಿಗೆಯಲ್ಲೇ ಉಳಿಯಿತು. ಐನೋರು ಹಿಡಿಗೆ ಕುಂಕುಮ ಹಚ್ಚಿದರು, ಚೆಂಡುಹೂ ಸುತ್ತಿದರು, ಎಲ್ಲರೂ ಕೈಮುಗಿದರು, ಬಂದೂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಭರಮಪ್ಪ ನನ್ನ ಕಿಸೆಯನ್ನು ತಟ್ಟಿ ನೋಡಿದ. ಗಟ್ಟಿಯಾಗಿ ಏನೋ ಕೈಗೆ ತಗುಲಿತು. ತೃಪ್ತಿಯಾಯಿತು. ಬಂದೂಕನ್ನು ನನ್ನೊಳಗೆ ಇಳಿಸಿದ.

ಅದು ದಿನದ ತೂಕವಾಗಿರಲಿಲ್ಲ. ಒಂದು ಕಾಡತೂಸಿನಷ್ಟು ಹೆಚ್ಚಿತ್ತು. ನನಗೆ ಗೊತ್ತಾಯಿತು. ಗವಸಿಗೆ ಗೊತ್ತಾದರೆ ಏನು ಮಾಡಲು ಬರುತ್ತದೆ?

ಬಸ್ ನಿಲ್ದಾಣದ ಮುಂದೆ ಬಾಳೆಕಂದು, ಕಬ್ಬು, ಚೆಂಡುಹೂವಿನ ರಾಶಿ. ಭರಮಪ್ಪ ಮನೆಯ ಪೂಜೆಗೆ ಕಬ್ಬು ಕೊಳ್ಳಲು ನಿಂತ. ಕಬ್ಬಿನವಳು ಜಲ್ಲೆಗಳನ್ನು ಜೋಡಿಸುವಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಹಬ್ಬದ ಗದ್ದಲದಲ್ಲಿ ಟಂಟಂ ತುಂಬ ಹೆಂಗಸರು, ಮಕ್ಕಳು. ಸುಮ್ಮನೆ ಯಾಕೆ ಅವರನ್ನು ಅಂಜಿಸುವುದು?

"ಯವ್ವಾ, ಇದನ್ನ ನಡುವ ಇಟ್ಟು ಕಟ್ಟು," ಎಂದ.

"ಏನಿದು, ಕೊಡಿಯೇನು?"

"ಹೂಂ, ಕೊಡಿನ. ಬಿಗಿದು ಕಟ್ಟು."

ಅವಳು ನನ್ನನ್ನು ಕೊಡೆಯೆಂದೇ ನಂಬಿ, ನನ್ನ ಸುತ್ತ ಕಬ್ಬಿನ ಜಲ್ಲೆ ನಿಲ್ಲಿಸಿ, ಸೋಗೆಯನ್ನು ಕೆಳಗಿನವರೆಗೂ ಇಳಿಬಿಟ್ಟು, ಮೇಲೆ ಕೆಳಗೆ ಬಾಳೆನಾರಿನಿಂದ ಬಿಗಿದಳು. ಹೊರಗಿನಿಂದ ನೋಡಿದರೆ ಅಪ್ಪಟ ಕಬ್ಬಿನ ಕಟ್ಟು. ಆ ದಿನ ಅವಳು ಕಟ್ಟಿದ ಎಲ್ಲ ಕಟ್ಟುಗಳೂ ಹಾಗೇ ಇದ್ದವು.

ಟಂಟಂನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಬ್ಬಿನ ತುದಿ ಒಂದು ಕೂಸಿನ ಕಣ್ಣಿಗೆ ಬಡಿಯುವ ಹಾಗಿತ್ತು. ಕೂಸಿನ ತಾಯಿ ಕಿರುಚಿದಳು. ಗಾಡಿಯವನು ಕೈಚಾಚಿದ.

"ಕೊಡ್ರಿ ಇಲ್ಲೆ. ಮ್ಯಾಲ ಒಗೀತೀನಿ."

"ಬ್ಯಾಡೋ, ಕೈಯಾಗ ಇರ್ಲಿ."

"ಕಬ್ಬಿಗೇನ ಕಾವಲ ಕುಂದರತೀರೇನ್ರಿ? ಕೊಡ್ರಿ!"

ಎಲ್ಲರೂ ನಕ್ಕರು. ಭರಮಪ್ಪನಿಗೆ ನಿಜ ಹೇಳಲು ಆಗಲಿಲ್ಲ. ಹೇಳಿದರೆ ಗಾಡಿಯೇ ಖಾಲಿಯಾದೀತು. ಕೊಟ್ಟ. ಗಾಡಿಯವನು ನನ್ನನ್ನು ಮಾಡಿನ ಮೇಲಿನ ಜಾಳಿಗೆಯಲ್ಲಿ ಇನ್ನೊಂದು ಕಬ್ಬಿನ ಕಟ್ಟಿನ ಪಕ್ಕ ಒಗೆದ. ಪ್ರತಿ ಗುಂಡಿಗೂ ನಾನು ಮೇಲೆದ್ದು ಬಿದ್ದೆ. ನನ್ನೊಳಗಿನದೂ ಎದ್ದು ಬಿತ್ತು. ಕೆಳಗೆ ಕೂಸು ಅಳುವುದು ನಿಲ್ಲಿಸಿ ನಗುತ್ತಿತ್ತು.

ಗುಳೇದಗುಡ್ಡ ಬಂತು. ಒಬ್ಬ ಹೆಣ್ಣುಮಗಳೂ ಅವಳ ಮೈದುನನೂ ಇಳಿದರು. ಗಾಡಿಯವನು ಕೈಗೆ ಸಿಕ್ಕ ಕಬ್ಬಿನ ಕಟ್ಟನ್ನು ಕೆಳಗಿಳಿಸಿದ. ಹಾಗೆ ನಾನು ಬೇರೆಯವರ ಹೆಗಲೇರಿದೆ. ಒಳಗೆ ಮೂಲೆಯಲ್ಲಿ ಒತ್ತಿಕೊಂಡು ಕೂತಿದ್ದ ಭರಮಪ್ಪನಿಗೆ ಏನೂ ಕಾಣಲಿಲ್ಲ. ಟಂಟಂ ಹೋಯಿತು.

"ವೈನಿ, ಈ ಸಲದ ಕಬ್ಬು ಭಾಳ ರಸ ಹಿಡದಾವ," ಎಂದ ಮೈದುನ. ಅವನ ಹೆಸರು ಪರಸಪ್ಪ. "ಹೆಗಲ ಮುರಿಯಾಕತ್ತೈತಿ."

"ರಸ ಹೆಚ್ಚಾಗಿದ್ದು ಕಬ್ಬಿನಾಗಲ್ಲ, ಕಡಿಮಿ ಆಗಿದ್ದು ನಿನ್ನ ಎಲಬಿನಾಗ. ನಡಿ," ಎಂದಳು ಅತ್ತಿಗೆ. ಅವಳು ಸಾವಂತ್ರಿ.

ಅದು ಕುಪ್ಪಸದ ಖಣ ನೇಯುವವರ ಮನೆ. ನಡುಮನೆಯಲ್ಲಿ ಕುಣಿಮಗ್ಗ. ಕುಣಿಯಲ್ಲಿ ಕಾಲಿಳಿಬಿಟ್ಟು ಸಾವಂತ್ರಿಯ ಗಂಡ ರಾಚಪ್ಪ ಕೂತು ನೇಯುತ್ತಾನೆ. ಅವಳು ಮೂಲೆಯಲ್ಲಿ ಕೂತು ನೂಲಿನ ಕಂಡಿಕೆ ಸುತ್ತುತ್ತಾಳೆ. ಅತ್ತೆ ಬಾಳವ್ವ ಹೊಸ್ತಿಲಲ್ಲಿ ಕೂತು ಎಲ್ಲರಿಗೂ ಬೈಯುತ್ತಾಳೆ. ಅಂದು ಮಗ್ಗ ನಿಂತಿತ್ತು. ನೆಲ ಸಾರಿಸಿ, ಲಾಳಿ ತೊಳೆದು, ಪೂಜೆಗೆ ಮಣೆ ಹಾಕಿದ್ದರು. ಸಾವಂತ್ರಿ ಮಗ್ಗದ ಕಂಬಗಳಿಗೆ ಕಬ್ಬು ಕಟ್ಟಬೇಕೆಂದು ಬಾಳೆನಾರು ಬಿಚ್ಚಿದಳು.

ಜಲ್ಲೆಗಳು ಆಚೀಚೆ ಬಿದ್ದವು. ನಡುವೆ ನಾನು ಬಿದ್ದೆ.

"ಇದೇನ್ರೀ ಇದು?" ಎಂದಳು.

ರಾಚಪ್ಪ ಬಗ್ಗಿ ನೋಡಿದ. "ಯಾರದೋ ಕೊಡಿ ಇರಬೇಕು."

ಸಾವಂತ್ರಿ ನನ್ನ ಬಾಯಿಯ ಪಟ್ಟಿಯನ್ನು ಬೆರಳಿನಿಂದ ತುಸು ಸರಿಸಿದಳು. ಮರದ ಹಿಡಿ ಕಾಣಿಸಿತು. ಅದರ ಮೇಲೆ ಕುಂಕುಮ, ಬಾಡಿದ ಹೂವಿನ ಎಸಳು. ಇನ್ನೂ ತುಸು ಸರಿಸಿದಾಗ ಕಬ್ಬಿಣ ಕಂಡಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮತ್ತೆ ಮುಟ್ಟಲಿಲ್ಲ.

"ಬಂದೂಕ ಐತಿ," ಎಂದಳು. "ಎಲ್ಲಾರೂ ಹಿಂದಕ್ಕ ಸರೀರಿ."

ಯಾರೂ ಸರಿಯಲಿಲ್ಲ. ಎಲ್ಲರೂ ಮುಂದೆ ಬಂದರು. ಮನುಷ್ಯರು ಹಾಗೆಯೇ.

ಬಾಳವ್ವ ಕೋಲೂರಿಕೊಂಡು ಬಂದು ಕುಂಕುಮ ನೋಡಿದಳು. ನೋಡಿದ್ದೇ ಎರಡೂ ಕೈ ಜೋಡಿಸಿದಳು.

"ಯವ್ವಾ ಬನಶಂಕರಿ! ನಾಳೆ ಖಂಡೇನವಮಿ, ಇವತ್ತ ಆಯುಧ ಕಳಿಸೀಯಲ್ಲ! ಏ ಸಾವಂತ್ರಿ, ನೆಲದ ಮ್ಯಾಲ ಇಡಬ್ಯಾಡ, ಪೂಜಿ ಆದದ್ದು ಅದು. ತಗದು ಮಣಿ ಮ್ಯಾಲ ಇಡು, ಲಾಳಿ ಬಾಜೂಕ."

"ಅತ್ತಿ, ಬನಶಂಕರಿ ಕಳಿಸಿಲ್ರಿ. ಟಂಟಂದಾಗ ಅದಲಿ ಬದಲಿ ಆಗೇತಿ."

"ಅದಲಿ ಬದಲಿ ಮಾಡಿದಾಕಿ ಯಾರು ಮತ್ತ?"

ರಾಚಪ್ಪನ ತಲೆ ಬೇರೆ ಕಡೆ ಓಡುತ್ತಿತ್ತು. ಅವನು ಹೋಗಿ ಬೀದಿಬಾಗಿಲು ಮುಚ್ಚಿ ಬಂದ.

"ಯಾರ ಕಣ್ಣಿಗೂ ಬೀಳಬಾರದು. ಪೊಲೀಸರಿಗೆ ಹೇಳಿದ್ರ ನಾವ ಕದ್ದೇವಿ ಅಂತಾರ. ಹಬ್ಬದ ದಿನ ಸ್ಟೇಷನ್‌ದಾಗ ಕುಂದರೂದಾಗತೈತಿ. ಸುಮ್ಮ ಕೆರಿಗೆ ಒಗದು ಬರ್ತೀನಿ."

"ಒಗದ್ರ ಅವಾಗ ಕಳವು ಆಗತೈತಿ. ಈಗ ಬರೇ ಸಿಕ್ಕೈತಿ."

"ಹಂಗಾರ ಸೈಕಲ್ ಮ್ಯಾಲ ಹಾಕ್ಕೊಂಡು ಸ್ಟೇಷನ್‌ಗೆ ಒಯ್ದು ಕೊಟ್ಟು ಬರ್ತೀನಿ."

"ದಾರಿಯಾಗ ಬಿದ್ರ? ಸಂತಿ ಮಂದಿ ನಡುವ ಹೋಗೂದು. ಒಳಗ ಗುಂಡು ಐತೋ ಇಲ್ಲೋ ನಿಮಗ ಗೊತ್ತೈತೇನು?"

"ಯಾರಾದರೂ ಗುಂಡು ತುಂಬಿ ಕಬ್ಬಿನಾಗ ಕಟ್ತಾರೇನ?"

"ಬಂದೂಕ ಕಬ್ಬಿನಾಗ ಕಟ್ಟಿದವರು ಏನ ಬೇಕಾದ್ದ ಮಾಡಿರ್ತಾರ್ರೀ," ಎಂದಳು ಸಾವಂತ್ರಿ. "ತಂತಿ ಹರದು ಬಿದ್ದಿರತೈತಿ. ಕರೆಂಟ್ ಐತೋ ಇಲ್ಲೋ ಗೊತ್ತಿಲ್ಲ. ಅಂಥಾದ್ದನ್ನ ಕೈಯಾಗ ಹಿಡದು ಕೆಇಬಿಗೆ ಒಯ್ದು ಕೊಡ್ತೀರೇನು? ಅವರನ್ನ ಕರೀತೀರಿ ಹೌದಲ್ಲೋ?"

ರಾಚಪ್ಪ ಮಗ್ಗದ ಅಂಚಿಗೆ ಕೂತ. ಒಪ್ಪಿದಂತೆ ಕಾಣಲಿಲ್ಲ. ಸಾವಂತ್ರಿಗೂ ತಾನು ಹೇಳಿದ್ದು ಸರಿಯೆಂಬ ಭರವಸೆ ಇದ್ದಂತಿರಲಿಲ್ಲ. ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು. ಕೊನೆಗೆ ಫೋನು ತೆಗೆದು ಪೊಲೀಸರ ತುರ್ತು ನಂಬರು ನೂರಾ ಹನ್ನೆರಡು ಒತ್ತಿದಳು. ಆ ಕಡೆ ಒಬ್ಬ ಹೆಣ್ಣುಮಗಳು ಮಾತಾಡಿದಳು. ಸಾವಂತ್ರಿ ತನ್ನ ಹೆಸರು, ಓಣಿ, ಎಲ್ಲಿಂದ ಬಂತು, ಯಾರು ಮುಟ್ಟಿದರು ಎಂಬುದನ್ನೆಲ್ಲ ಹೇಳಿದಳು. "ನಾನ ಮುಟ್ಟೀನ್ರಿ, ಬರೇ ಪಟ್ಟಿ ಸರಿಸೀನಿ. ನನ್ನ ಮೈದುನ ಹೊತ್ಕೊಂಡು ಬಂದಾನ, ಅವಗ ಗೊತ್ತಿದ್ದಿಲ್ಲ," ಎಂದು ಎರಡೆರಡು ಸಲ ಹೇಳಿದಳು. ಆ ಕಡೆಯವಳು ಹೇಳಿದ್ದು ಸಾವಂತ್ರಿಯ ಬಾಯಿಂದಲೇ ನನಗೆ ತಿಳಿಯಿತು.

"ಇದ್ದಲ್ಲೇ ಇರಲಿ ಅಂದ್ರು. ಯಾರೂ ಎತ್ತಬಾರದು, ಬಿಚ್ಚಬಾರದು, ಗುಂಡು ಐತೇನಂತ ನೋಡಾಕ ಹೋಗಬಾರದು. ಗುಂಡು ಐತಿ ಅಂತನ ತಿಳಕೋರಿ ಅಂದ್ರು. ಎಲ್ಲಾರೂ ಹೊರಗ ಬಂದು ಬಾಗಲ ಹಾಕ್ಕೋರಿ, ನಾವು ಬರ್ತೀವಿ ಅಂದ್ರು."

ಆಮೇಲೆ ಅವಳಿಗೆ ಇನ್ನೊಂದು ಯೋಚನೆ ಬಂತು. ನನ್ನ ತಳ ಯಾವ ಕಡೆಗಿದೆ ಎಂದು ನೋಡಿದಳು. ಪಕ್ಕದ ಮನೆಯ ಗೋಡೆಯ ಕಡೆಗಿತ್ತು. ಕಲ್ಲಿನ ದಪ್ಪ ಗೋಡೆ ಅದು. ಆದರೂ ಹೋಗಿ ಆ ಮನೆಯವರನ್ನು ಹೊರಗೆ ಕರೆದಳು. ಅವರು ಹೋಳಿಗೆಯ ಹೂರಣ ರುಬ್ಬುತ್ತಿದ್ದರು. ಹೂರಣದ ಕೈಯಲ್ಲೇ ಬಂದು ಕಟ್ಟೆಯ ಮೇಲೆ ಕೂತು, "ನಿಮ್ಮ ಸೊಸಿ ಯಾವಾಗೂ ಹಿಂಗ ಏನ ಬಾಳವ್ವ?" ಎಂದರು.

"ಹಿಂಗ. ಹಾಲು ಉಕ್ಕಿದ್ರೂ ಓಣಿ ಎಬ್ಬಸ್ತಾಳ," ಎಂದಳು ಬಾಳವ್ವ.

ಬಾಳವ್ವನದು ಮಾತ್ರ ಒಂದೇ ಹಟ. ಕುಂಕುಮ ಹಚ್ಚಿದ ಆಯುಧ ದೀಪ ಕಾಣದೆ ನೆಲದ ಮೇಲೆ ಬೀಳಬಾರದು. ದೇವಿ ಮುನಿದರೆ ಮಗ್ಗ ನಿಲ್ಲುತ್ತದೆ. ಸಾವಂತ್ರಿ ಬಹಳ ಹೊತ್ತು ಬೇಡವೆಂದಳು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಬಾಳವ್ವ ಹೊಸ್ತಿಲ ಹೊರಗೇ ನಿಂತು ಆರತಿ ಬೆಳಗಿದಳು. ಅಲ್ಲಿಂದಲೇ ಅರಿಷಿಣದ ಅಕ್ಕಿಕಾಳು ಎಸೆದಳು. ಕಾಳುಗಳು ನನ್ನ ಮೈಮೇಲೆ ಬಿದ್ದವು. ಕೆಲವು ನನ್ನ ಅರೆತೆರೆದ ಬಾಯಿಯೊಳಗೆ ಉರುಳಿದವು.

"ಏ ಬನಶಂಕರಿ, ನಮ್ಮ ಸೊಸಿ ಮುಟ್ಟಾಕ ಬಿಡವಲ್ಲಳು. ಇಲ್ಲಿಂದನ ತಗೋ," ಎಂದಳು.

ಸಾವಂತ್ರಿ ಬಾಗಿಲು ಎಳೆದುಕೊಂಡು ಚಿಲಕ ಹಾಕಿದಳು. ಪೊಲೀಸರಿಗೆ ಓಣಿ ತೋರಿಸಲು ಬೀದಿಯ ತುದಿಗೆ ಹೋದಳು. ಹಿತ್ತಲಿನ ಬಾಗಿಲು ಅವಳಿಗೆ ನೆನಪಾಗಲಿಲ್ಲ.

ಪರಸಪ್ಪ ಹಿತ್ತಲಿನಿಂದ ಬಂದ. ಕೈಯಲ್ಲಿ ಫೋನು. ಕೆಟ್ಟವನಲ್ಲ ಅವನು. ಬಂದೂಕು ಹಿಡಿದು ನಿಂತ ಒಂದು ಫೋಟೊ ಬೇಕಿತ್ತು, ಅಷ್ಟೇ. ಫೋನನ್ನು ಮಗ್ಗದ ಹಲಗೆಗೆ ಒರಗಿಸಿಟ್ಟ. ನನ್ನ ಪಟ್ಟಿ ಬಿಚ್ಚಿದ. ಹಿಡಿಯನ್ನು ಹಿಡಿದು ಎಳೆದ. ಬಂದೂಕು ಅರ್ಧ ಹೊರಗೆ ಬಂತು. ಅವನ ಬೆರಳು ಜಾಗ ಹುಡುಕುತ್ತ ಗುಂಡು ಹಾರಿಸುವ ಕುದುರೆಯ ಹತ್ತಿರ ಹೋಯಿತು. ಬಂದೂಕಿನ ಬಾಯಿ ಇನ್ನೂ ನನ್ನೊಳಗೇ ಇತ್ತು. ಆದರೆ ಆಗ ನನ್ನ ತಳ ಗೋಡೆಯ ಕಡೆಗಿರಲಿಲ್ಲ. ಬೀದಿಬಾಗಿಲ ಕಡೆ ತಿರುಗಿತ್ತು. ಬಾಗಿಲಾಚೆ ಕಟ್ಟೆಯ ಮೇಲೆ ಬಾಳವ್ವ ನೆರೆಯವರೊಂದಿಗೆ ಮಾತಾಡುವುದು ಕೇಳುತ್ತಿತ್ತು. ಹೋಳಿಗೆಗೆ ಬೆಲ್ಲ ಎಷ್ಟು ಹಾಕಬೇಕು ಎಂಬ ಮಾತು.

ನನಗೆ ಹೆದರಿಕೆಯಾಯಿತೆಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆದರೆ ಆಗಲಿಲ್ಲ. ತೂಕ ಅತ್ತಿತ್ತ ಸರಿಯಿತು. ಅಷ್ಟೇ ನನಗೆ ತಿಳಿದದ್ದು.

ಸಾವಂತ್ರಿಗೆ ಹಿತ್ತಲ ಬಾಗಿಲು ಅದೇ ಹೊತ್ತಿಗೆ ನೆನಪಾಗಿರಬೇಕು. ಅವಳು ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೂಗಲಿಲ್ಲ. ಕೂಗಿದ್ದರೆ ಅವನು ಬೆಚ್ಚುತ್ತಿದ್ದ. ನಿದ್ದೆಗೆಟ್ಟ ಮಗುವಿನ ಹತ್ತಿರ ಮಾತಾಡುವ ಹಾಗೆ ಮಾತಾಡಿದಳು.

"ಪರಸ್ಯಾ. ಬಟ್ಟ ತಗಿ. ಆ ಬೆರಳ ಮೊದ್ಲ ತಗಿ."

"ವೈನಿ, ಒಂದ ಫೋಟೊ..."

"ಹೂಂ. ಫೋಟೊ ಆಮ್ಯಾಲ. ಬಟ್ಟ ತಗದೇನು? ಈಗ ಹಂಗ ನೆಲಕ್ಕ ಬಿಡು. ಒಗೀಬ್ಯಾಡ. ಮೆಲ್ಲಕ. ಕೂಸಿನ ಮಲಗಿಸಿದಂಗ."

ಅವನು ನನ್ನನ್ನು ನೆಲಕ್ಕೆ ಬಿಟ್ಟ. ಅವಳು ಅವನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ, ಅಲ್ಲಿ ಕಪಾಳಕ್ಕೆ ಬಾರಿಸಿದ್ದು ಕೇಳಿಸಿತು. ಆಮೇಲೆ ಇಬ್ಬರಲ್ಲಿ ಯಾರೋ ಅಳುತ್ತಿದ್ದರು. ಅಳುವುದರಲ್ಲಿ ಯಾರ ದನಿ ಎಂದು ನನಗೆ ತಿಳಿಯಲಿಲ್ಲ.

ಪೊಲೀಸ್ ಜೀಪು ಬಂತು. ಸಬ್ಇನ್ಸ್‌ಪೆಕ್ಟರ್ ಒಬ್ಬರು, ಪೇದೆ ಒಬ್ಬಳು. ಅವರ ಹಿಂದೆ ಭರಮಪ್ಪ ಇಳಿದ.

ಅವನು ಊರಲ್ಲಿ ಇಳಿದು ಕಟ್ಟನ್ನು ಎತ್ತಿದಾಗಲೇ ತೂಕ ಕಡಿಮೆ ಎನಿಸಿತಂತೆ. ಅಲ್ಲೇ ರಸ್ತೆಯಲ್ಲೇ ಬಿಚ್ಚಿದನಂತೆ. ಬರೀ ಕಬ್ಬು. ಮನೆಗೂ ಹೋಗದೆ, ಸಿಕ್ಕ ಮೋಟಾರು ಸೈಕಲ್ ಹತ್ತಿ ನೇರ ಗುಳೇದಗುಡ್ಡದ ಸ್ಟೇಷನ್ನಿಗೆ ಹೋಗಿ, ತನ್ನ ಬಂದೂಕು ಕಳೆದಿದೆ ಎಂದು ಹೇಳಿದನಂತೆ. ಹಾಗೆ ಹೇಳಿದರೆ ಲೈಸೆನ್ಸಿಗೆ ಕುತ್ತು ಎಂದು ಅವನಿಗೆ ಗೊತ್ತಿತ್ತು. ಆದರೂ ಹೇಳಿದ. ಅವನು ಹೇಳುತ್ತಿರುವಾಗಲೇ ಸಾವಂತ್ರಿಯ ಕರೆಯ ಸುದ್ದಿ ಅಲ್ಲಿಗೆ ಬಂತು. ಈಗ ಅವನ ತೆಕ್ಕೆಯಲ್ಲಿ ಸಾವಂತ್ರಿಯ ಕಬ್ಬು ಇತ್ತು. ಎಲ್ಲಿಯೂ ಇಡಲು ನೆನಪಾಗದೆ ಇಷ್ಟು ದೂರ ಹೊತ್ತು ತಂದಿದ್ದ.

"ಖಾಲಿ ಐತ್ರಿ ಸರ್," ಎಂದು ಅವನು ಹೇಳುತ್ತಲೇ ಇದ್ದ. "ಫೌಜಿನಾಗ ಇದ್ದಂವ ನಾನು. ತುಂಬಿದ್ದು ಎಂದೂ ಹೊರಗ ಒಯ್ಯಂಗಿಲ್ರಿ. ಎರಡೂ ಕಿಸೇದಾಗ ಅದಾವು, ನೋಡ್ರಿ ಬೇಕಾದ್ರ."

ಸಬ್ಇನ್ಸ್‌ಪೆಕ್ಟರ್ ನನ್ನ ಮೇಲಿನ ಅಕ್ಕಿಕಾಳು ನೋಡಿ ಹುಬ್ಬೇರಿಸಿದರು. "ಇದು ಯಾರು ಮದುವೆ ಮಾಡಿದ್ದು?"

"ನಾನ ಸಾಹೇಬ್ರ. ದೂರಲಿಂದ ಮಾಡೀನಿ," ಎಂದಳು ಬಾಳವ್ವ.

ಅವರು ಎಲ್ಲರನ್ನೂ ಅಂಗಳಕ್ಕೆ ಕಳಿಸಿದರು. ಭರಮಪ್ಪನನ್ನು ಮಾತ್ರ ಬಾಗಿಲ ಹತ್ತಿರ ನಿಲ್ಲಿಸಿದರು. ಬಂದೂಕನ್ನು ನನ್ನೊಳಗಿಂದ ತೆಗೆದು, ಬಾಯಿ ಗೋಡೆಗೆ ಮಾಡಿ, ಮುರಿದರು. ಬಲಗಡೆಯ ನಳಿಗೆಯಿಂದ ಕಾಡತೂಸು ಜಾರಿ ಸಾರಿಸಿದ ನೆಲದ ಮೇಲೆ ಬಿತ್ತು. ಉರುಳಿ ಉರುಳಿ ಮಗ್ಗದ ಕುಣಿಯ ಅಂಚಿಗೆ ಹೋಗಿ ನಿಂತಿತು.



ಭರಮಪ್ಪ ಅದನ್ನೇ ನೋಡಿದ. ಅವನ ಬಾಯಿ ತೆರೆದೇ ಇತ್ತು. ಸಬ್ಇನ್ಸ್‌ಪೆಕ್ಟರ್ ಏನೋ ಕೇಳಿದರು. ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದರು. ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

"ಒಂದು ಕೂಸು ಇತ್ರಿ," ಎಂದ. "ಟಂಟಂದಾಗ. ಮ್ಯಾಲ ಇದು, ಕೆಳಗ ಕೂಸು."

ಬಾಳವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟು, "ಕುಡಿಯೋ ತಮ್ಮಾ," ಎಂದಳು. ಅವನು ತಂಬಿಗೆ ಹಿಡಿದುಕೊಂಡ, ಕುಡಿಯಲಿಲ್ಲ. ಅಂಗಳದಲ್ಲಿ ಪರಸಪ್ಪ ತನ್ನ ಬೆರಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಭರಮಪ್ಪನ ತೆಕ್ಕೆಯ ಕಬ್ಬನ್ನು ರಾಚಪ್ಪ ಮೆಲ್ಲಗೆ ಬಿಡಿಸಲು ನೋಡಿದ. ಅವನು ಬಿಡಲಿಲ್ಲ. ಸಾವಂತ್ರಿ, "ಇರ್ಲಿ ಬಿಡ್ರಿ," ಎಂದಳು. ಅವಳೂ ಬಾಗಿಲಾಚೆಯಿಂದ ಕಾಡತೂಸನ್ನೇ ನೋಡುತ್ತಿದ್ದಳು. ತಾನು ಹೇಳಿದ್ದು ನಿಜವಾಯಿತೆಂಬ ಸಂತೋಷ ಆ ಮುಖದಲ್ಲಿರಲಿಲ್ಲ. ಹೇಳದೇ ಹೋಗಿದ್ದರೆ ಎಂದು ಲೆಕ್ಕ ಹಾಕುವವಳ ಹಾಗೆ ಕಂಡಳು.

ಪೊಲೀಸರು ಬಂದೂಕನ್ನೂ ಎರಡು ಕಾಡತೂಸುಗಳನ್ನೂ ಒಯ್ದರು. ಗವಸು ಅವರಿಗೆ ಬೇಕಿರಲಿಲ್ಲ. ನನ್ನನ್ನು ಮಡಚಿ ಭರಮಪ್ಪನ ಕೈಗೆ ಕೊಟ್ಟರು. ಹುಟ್ಟಿದಂದಿನಿಂದ ಮೊದಲ ಬಾರಿಗೆ ನಾನು ಮಡಚಿಕೊಂಡೆ.

ಆಮೇಲಿನ ವರ್ಷದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಗೂಟಕ್ಕೆ ತೂಗುತ್ತಿದ್ದೆ. ಒಳಗೆ ಗಾಳಿ. ಲೈಸೆನ್ಸನ್ನು ಕೆಲವು ತಿಂಗಳು ತಡೆಹಿಡಿದರು. ಸಂಘದವರು ಬಂದೂಕಿದ್ದ ಬೇರೆಯವನನ್ನು ಇಟ್ಟುಕೊಂಡರು. ಭರಮಪ್ಪ ಕೂತರೆ ಕೂತೇ ಇರುತ್ತಿದ್ದ. ತಂಗೆವ್ವ ರೊಟ್ಟಿ ಇಟ್ಟರೆ ತಿನ್ನುವುದು, ಇಡದಿದ್ದರೆ ಕೇಳುವುದಿಲ್ಲ. ಬಾಗಿಲು ಹಾಕಿ ಬಂದ ಮೇಲೆ ಮತ್ತೆ ಎದ್ದು ಹೋಗಿ ನೋಡುವುದು. ಒಲೆ ಆರಿಸಿದೆಯಾ ಎಂದು ಕೇಳುವುದು, ಆರಿಸಿದ್ದೇನೆ ಎಂದರೂ ಹೋಗಿ ಬೂದಿಗೆ ಕೈ ಹಾಕಿ ನೋಡುವುದು. ತಡೆ ತೆಗೆದಿದ್ದೇವೆ, ಬಂದೂಕು ಒಯ್ಯಿರಿ ಎಂದು ಪೊಲೀಸರು ಹೇಳಿಕಳಿಸಿದಾಗ ಹೋದ. ಬರಿಗೈಯಲ್ಲಿ ತಿರುಗಿ ಬಂದ.

"ಬರಕೊಟ್ಟು ಬಂದೆ," ಎಂದ ಹೆಂಡತಿಗೆ. "ನನಗ ಬ್ಯಾಡ ಅಂತ."

"ಹೊಟ್ಟಿಗೆ?"

"ಹತ್ತಿ ಜಿನ್ನಿಂಗ ಮಿಲ್ಲಿನಾಗ ಕಾವಲ ಐತಂತ. ಬರೇ ಕೋಲು ಹಿಡದು."

ತಂಗೆವ್ವ ನನ್ನ ಕಡೆ ನೋಡಿದಳು. ಸವತಿಯ ಮಾತು ಆಡಲಿಲ್ಲ.

ಮತ್ತೆ ಖಂಡೇನವಮಿ ಬಂತು. ಭರಮಪ್ಪ ನನ್ನನ್ನು ಗೂಟದಿಂದ ಇಳಿಸಿದ. ಕಬ್ಬು ಕೊಂಡು ನನ್ನೊಳಗೆ ಇಳಿಸಿದ. ಜಲ್ಲೆ ನನಗಿಂತ ಉದ್ದ, ಸೋಗೆ ನನ್ನ ಬಾಯಿಂದ ಹೊರಗೆ ತೂಗಾಡುತ್ತಿತ್ತು. ಟಂಟಂನಲ್ಲಿ ಎಲ್ಲರೂ ನಮ್ಮನ್ನು ನೋಡಿ ನಕ್ಕರು. ಅವನು ನನ್ನನ್ನು ಮಾಡಿನ ಮೇಲೆ ಹಾಕಲು ಕೊಡಲಿಲ್ಲ. ಗುಳೇದಗುಡ್ಡದಲ್ಲಿ ಇಳಿದು ಆ ಓಣಿಗೆ ಹೋದ.

ಸಾವಂತ್ರಿ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ಮುಖ ನೋಡಿ ಗುರುತಿಸಿ ನಗುವಷ್ಟರಲ್ಲಿ ಅವನ ಹೆಗಲಿನ ಮೇಲೆ ನನ್ನನ್ನು ಕಂಡಳು. ನಗೆ ಅಲ್ಲೇ ನಿಂತಿತು.

"ಯಣ್ಣಾ, ಅಲ್ಲೇ ನಿಲ್ಲರಿ."

ಒಳಗಿನಿಂದ ಬಾಳವ್ವ, "ಏ ಹುಚ್ಚಿ, ಹಬ್ಬದ ದಿನ ಬಾಗಲಿಗೆ ಬಂದಾರ, ಒಳಗ ಕರಿ!" ಎಂದಳು.

"ಇಲ್ಲ ಯವ್ವಾ, ಆಕಿ ಅಂದದ್ದ ಬರೋಬರಿ ಐತಿ," ಎಂದ ಭರಮಪ್ಪ. ನನ್ನನ್ನು ಅಂಗಳದ ನಡುವೆ ಇಟ್ಟ. ಜಲ್ಲೆಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಹಾಕಿದ. "ನಿಮ್ಮ ಹೋದ ವರ್ಷದ ಕಬ್ಬು. ನನ್ನ ಕಡೆ ಉಳದಿತ್ತು." ಆಮೇಲೆ ಕಿಸೆಯನ್ನು ಎಳೆದು ತಿರುವಿ ತೋರಿಸಿದ. ತೋಳನ್ನು ಭುಜದವರೆಗೂ ನನ್ನೊಳಗೆ ಹಾಕಿ, ತಳವನ್ನು ಹಿಡಿದು ಎಳೆದು, ನನ್ನನ್ನು ಪೂರ್ತಿ ಒಳಹೊರಗು ಮಾಡಿದ. ಡೇರೆಯಾಗಿದ್ದಾಗ ಕಂಡ ಬಿಸಿಲನ್ನು ನನ್ನ ಒಳಮೈ ಅಂದು ಮತ್ತೆ ಕಂಡಿತು. ಭರಮಪ್ಪ ನನ್ನನ್ನು ಕೊಡವಿದ.

ಅಕ್ಕಿಕಾಳು ಉದುರಿದವು. ಅರಿಷಿಣ ಮಾಸಿತ್ತು. ರಂಗೋಲಿಯ ಮೇಲೆ ಬಿದ್ದವು.

ಭರಮಪ್ಪ ಅವನ್ನು ನೋಡುತ್ತ ನಿಂತ. "ಇವು ಯಾವು?"

"ನಾ ಒಗದಾವು," ಎಂದಳು ಬಾಳವ್ವ, ಕೋಲೂರಿಕೊಂಡು ಹೊರಗೆ ಬಂದು. "ಬನಶಂಕರಿಗೆ. ಆಕಿ ಇವನ್ನ ಇಟ್ಕೊಂಡು ಗುಂಡ ನಿಲ್ಲಿಸ್ಯಾಳ."

ಭರಮಪ್ಪ ಬಗ್ಗಿ ಕಾಳುಗಳನ್ನು ಆರಿಸತೊಡಗಿದ. ಬಹಳ ಹೊತ್ತು ಆರಿಸಿದ. ಎದ್ದಾಗ ಮುಖ ಒದ್ದೆಯಾಗಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ. ಒದ್ದೆಯಾದದ್ದು ಅವನಿಗೆ ತಿಳಿದಂತಿರಲಿಲ್ಲ. ಸಾವಂತ್ರಿ ಆಗ ಮುಂದೆ ಬಂದು ನನ್ನನ್ನು ಎತ್ತಿಕೊಂಡಳು.

"ಇಟ್ಕೋ ತಂಗಿ," ಎಂದ ಅವನು. "ನನಗ ಕೆಲಸಕ್ಕ ಬರೂದಿಲ್ಲ. ಮಗ್ಗದ ಕೋಲು ಇಡಾಕ ಆಗತೈತಿ."

ಆಗಿನಿಂದ ನಾನು ಇಲ್ಲಿದ್ದೇನೆ, ಮಗ್ಗದ ಹಿಂದಿನ ಮೂಲೆಯಲ್ಲಿ. ಮೇಣ ಉದುರಿ ಹೋಗಿದೆ. ಹೊಲಿಗೆಯ ತೂತುಗಳು ಅಗಲವಾಗಿವೆ, ಹಾಗಾಗಿ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ನನ್ನೊಳಗೆ ಹಾಸಿನ ಕೋಲುಗಳಿವೆ, ಹಗುರವಾದವು. ಬಂದೂಕಿನ ಎಣ್ಣೆಯ ವಾಸನೆ ಮಳೆಗಾಲದಲ್ಲಿ ಮಾತ್ರ ತುಸು ಏಳುತ್ತದೆ. ಬಾಳವ್ವ ಈಗಿಲ್ಲ. ಪರಸಪ್ಪನಿಗೆ ಮದುವೆಯಾಗಿ ಒಂದು ಮಗುವಿದೆ. ಆ ಮಗು ನನ್ನ ಹತ್ತಿರ ಬಂದರೆ ಅವನು ಎಲ್ಲಿದ್ದರೂ ಓಡಿಬರುತ್ತಾನೆ.

ಸಾವಂತ್ರಿ ಕೋಲು ತೆಗೆಯಲು ಬಂದಾಗಲೆಲ್ಲ ಮೊದಲು ನನ್ನ ತಳವನ್ನು ಕಲ್ಲಿನ ಗೋಡೆಗೆ ತಿರುಗಿಸುತ್ತಾಳೆ. ಆಮೇಲೆ ಪಟ್ಟಿ ಸರಿಸಿ ಇಣುಕುತ್ತಾಳೆ. ಆಮೇಲೆ ಕೈ ಹಾಕುತ್ತಾಳೆ. ಒಳಗೆ ಕೋಲು ಬಿಟ್ಟು ಬೇರೇನೂ ಇಲ್ಲವೆಂದು ಅವಳಿಗೆ ಗೊತ್ತು. ರಾಚಪ್ಪ ಮಗ್ಗದಿಂದಲೇ ನಗುತ್ತಾನೆ. ಅವಳೂ ನಗುತ್ತಾಳೆ, ಆದರೆ ಇಣುಕುವುದನ್ನು ಬಿಟ್ಟಿಲ್ಲ. ಇದು ಅತಿಯಾಯಿತೋ, ಇಷ್ಟು ಬೇಕೋ, ನಿರ್ಧರಿಸಲು ನನಗೆ ಬರುವುದಿಲ್ಲ. ಆ ಕಾಡತೂಸಿನ ತೂಕ ಮಾತ್ರ ನನಗೆ ಇನ್ನೂ ನೆನಪಿದೆ.

ಭರಮಪ್ಪ ಪ್ರತಿ ಖಂಡೇನವಮಿಗೆ ಕಬ್ಬು ಹೊತ್ತು ಬರುತ್ತಾನೆ. ಈಗ ಮುದುಕ. ಹೊಸ್ತಿಲ ಮೇಲೆ, ಅಂದು ಕೂತಿದ್ದ ಜಾಗದಲ್ಲೇ ಕೂರುತ್ತಾನೆ. ಸಾವಂತ್ರಿ ಕೊಟ್ಟ ನೀರನ್ನು ಈಗ ಕುಡಿಯುತ್ತಾನೆ. ಹೊರಡುವ ಮುಂಚೆ ಮೂಲೆಯ ಕಡೆ ನೋಡುತ್ತಾನೆ.

"ತಂಗಿ, ಅದರಾಗ ಏನೈತಿ?"

"ಕೋಲು ಅದಾವಣ್ಣ."

"ನೋಡಿದೇನು?"

"ಮುಂಜಾನೆನ ನೋಡೀನಿ."

"ಇನ್ನೊಮ್ಮೆ ನೋಡು."

ಸಾವಂತ್ರಿ ಬೇಸರಪಡದೆ ಏಳುತ್ತಾಳೆ. ನನ್ನನ್ನು ಗೋಡೆಗೆ ತಿರುಗಿಸಿ, ಪಟ್ಟಿ ಸರಿಸಿ, ನೋಡುತ್ತಾಳೆ.